ಶಬ್ದ ನಿಂತ ಜಾತ್ರೆ: ಕಡಿಮೆ ದುಡ್ಡಿನ ಹಳೇ ದೆವ್ವದ ಸಿನಿಮಾ ಇನ್ನೂ ಯಾಕೆ ಹೆದರಿಸುತ್ತದೆ?

ಸಿನಿಮಾ ಶುರುವಾಗಿ ಅರ್ಧ ಗಂಟೆ ದಾಟಿತ್ತು. ನಮ್ಮ ಸ್ಟುಡಿಯೋದಲ್ಲಿ ಕೆಲಸ ಕಲಿಯುವ ಹುಡುಗ ಎದ್ದು ಹೋಗಿ ಸ್ಪೀಕರ್ ವೈರ್ ಅಲ್ಲಾಡಿಸಿದ. ಪರದೆ ಮೇಲೆ ಒಬ್ಬಳು ಬಟ್ಟೆ ಅಂಗಡಿಯಲ್ಲಿ ನಿಂತಿದ್ದಾಳೆ. ಅಂಗಡಿಯವಳು ಅವಳನ್ನು ನೋಡುತ್ತಲೇ ಇಲ್ಲ. ಸುತ್ತ ಜನ ಓಡಾಡುತ್ತಿದ್ದಾರೆ. ಆದರೆ ಊರಿನ ಸದ್ದೆಲ್ಲ ಯಾರೋ ಕಿತ್ತುಕೊಂಡು ಹೋದ ಹಾಗೆ ಮಾಯವಾಗಿದೆ.

"ಅಣ್ಣಾ, ಸೌಂಡ್ ಹೋತು. ಜ್ಯಾಕ್ ಲೂಸ್ ಐತಿ ಅನ್ಸುತ್ತೆ" ಅಂದ.

"ಜ್ಯಾಕ್ ಸರಿ ಐತಿ. ಸುಮ್ನೆ ಕೂತ್ಕೋ" ಅಂದೆ.

ಕೂತ. ಅಲ್ಲಿಯ ತನಕ ಅವನು ನಗುತ್ತಲೇ ಇದ್ದ. ಬಾಯಿ ಮುಚ್ಚಿದ ಮೇಲೆ ಮಾತು ಕೇಳಿಸುತ್ತದೆ ಅಂತ ನಕ್ಕ. ದೆವ್ವದ ಮುಖಕ್ಕೆ ಪೌಡರ್ ಬಳಿದದ್ದು ಕಾಣುತ್ತದೆ ಅಂತ ನಕ್ಕ. ಅವನು ಹೇಳಿದ್ದರಲ್ಲಿ ಒಂದೂ ಸುಳ್ಳಲ್ಲ. ಆದರೆ ವೈರ್ ಅಲ್ಲಾಡಿಸಿ ಬಂದು ಕೂತ ಮೇಲೆ ಅವನು ಮತ್ತೆ ನಗಲಿಲ್ಲ.

ಆ ಸಿನಿಮಾದ ಹೆಸರು ‘ಕಾರ್ನಿವಲ್ ಆಫ್ ಸೋಲ್ಸ್’. 1962ರ ಅಮೆರಿಕನ್ ಚಿತ್ರ, ಕಪ್ಪು ಬಿಳುಪು. ಹೆಸರನ್ನು ನಮ್ಮ ಮಾತಿಗೆ ತಂದರೆ ‘ಆತ್ಮಗಳ ಜಾತ್ರೆ’ ಅನ್ನಬಹುದು. ತಪ್ಪುಗಳು ತುಂಬಿದ ಈ ಚಿತ್ರ ಮೈ ಜುಮ್ ಅನ್ನಿಸುವುದು ಹೇಗೆ ಅಂತ ಹುಡುಗ ಆ ರಾತ್ರಿ ಕೇಳಿದ. ನಾನು ದಾವಣಗೆರೆಯಲ್ಲಿ ಮದುವೆ, ಗೃಹಪ್ರವೇಶ, ಶಾಲೆಯ ವಾರ್ಷಿಕೋತ್ಸವದ ವಿಡಿಯೋ ಎಡಿಟ್ ಮಾಡುವವನು. ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಮೊದಲು ಕಥೆ. ಮೇರಿ ಹೆನ್ರಿ ಎಂಬ ಯುವತಿ ಗೆಳತಿಯರ ಜೊತೆ ಕಾರಿನಲ್ಲಿ ಹೋಗುವಾಗ ಕಾರು ಸೇತುವೆಯಿಂದ ನದಿಗೆ ಬೀಳುತ್ತದೆ. ಜನ ಗಂಟೆಗಟ್ಟಲೆ ಹುಡುಕುತ್ತಾರೆ. ಕೊನೆಗೆ ಅವಳೊಬ್ಬಳೇ ಕೆಸರು ಮೆತ್ತಿಕೊಂಡು ದಡಕ್ಕೆ ಬರುತ್ತಾಳೆ. ಆಮೇಲೆ ಬೇರೆ ಊರಿಗೆ ಹೋಗಿ ಚರ್ಚಿನಲ್ಲಿ ಆರ್ಗನ್ ನುಡಿಸುವ ಕೆಲಸಕ್ಕೆ ಸೇರುತ್ತಾಳೆ. ದಾರಿಯಲ್ಲಿ ಬಿಳಿಚಿದ ಮುಖದ ಒಬ್ಬ ಗಂಡಸು ಕಾರಿನ ಕಿಟಕಿಯಲ್ಲಿ ಕಾಣುತ್ತಾನೆ. ಅವನು ಅವಳಿಗೆ ಮಾತ್ರ ಕಾಣುತ್ತಾನೆ. ಊರ ಹೊರಗೆ ಉಪ್ಪಿನ ಸರೋವರದ ಪಕ್ಕ ಒಂದು ಪಾಳು ಬಿದ್ದ ಕಟ್ಟಡ ಇದೆ. ಅದು ಅವಳನ್ನು ಎಳೆಯುತ್ತಲೇ ಇರುತ್ತದೆ. ಕೊನೆ ಹೇಳುವುದಿಲ್ಲ. ನೋಡುವವರು ನೋಡಿಯೇ ತಿಳಿಯಲಿ.

ಇದನ್ನು ಮಾಡಿದವನ ಕೆಲಸ ಏನಿತ್ತು ಅಂತ ಗೊತ್ತಾದರೆ ಅರ್ಧ ವಿಷಯ ಅರ್ಥವಾದ ಹಾಗೆ. ಹರ್ಕ್ ಹಾರ್ವೆ ನಿರ್ದೇಶಕ. ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಊರಿನಲ್ಲಿ ಸೆಂಟ್ರಾನ್ ಎಂಬ ಕಂಪನಿಯಲ್ಲಿದ್ದ. ಆ ಕಂಪನಿ ಶಾಲೆಗಳಿಗೆ, ಕಾರ್ಖಾನೆಗಳಿಗೆ ಬೇಕಾದ ಸಣ್ಣ ಚಿತ್ರಗಳನ್ನು ಮಾಡಿಕೊಡುತ್ತಿತ್ತು. ಮಕ್ಕಳು ಹೇಗೆ ನಡೆದುಕೊಳ್ಳಬೇಕು, ಕೆಲಸದ ಜಾಗದಲ್ಲಿ ಹೇಗೆ ಹುಷಾರಾಗಿರಬೇಕು, ಇಂಥ ವಿಷಯಗಳು. ಅಂದರೆ ಹಾರ್ವೆ ಕೂಡ ನಮ್ಮ ಹಾಗೆ ಆರ್ಡರ್ ಹಿಡಿದು ಕೆಲಸ ಮಾಡುವವನು. ಬೇಗ ಶೂಟ್ ಮಾಡುವುದು, ಇದ್ದ ಬೆಳಕಿನಲ್ಲೇ ಸುಧಾರಿಸುವುದು, ನಟರಲ್ಲದವರನ್ನು ಕ್ಯಾಮೆರಾ ಮುಂದೆ ನಿಲ್ಲಿಸುವುದು ಅವನಿಗೆ ದಿನದ ಕೆಲಸ.

ಒಂದು ಸಂಜೆ ಕ್ಯಾಲಿಫೋರ್ನಿಯಾದಿಂದ ಕಾರಿನಲ್ಲಿ ವಾಪಸ್ ಬರುವಾಗ ಯೂಟಾ ರಾಜ್ಯದ ದೊಡ್ಡ ಉಪ್ಪಿನ ಸರೋವರದ ಹತ್ತಿರ ಸಾಲ್ಟ್‌ಏರ್ ಎಂಬ ಕಟ್ಟಡ ಅವನ ಕಣ್ಣಿಗೆ ಬಿತ್ತು. ಸಹೋದ್ಯೋಗಿ ಜಾನ್ ಕ್ಲಿಫರ್ಡ್‌ಗೆ ಒಂದೇ ಷರತ್ತು ಹಾಕಿದ. ಕಥೆ ಏನಾದರೂ ಬರಿ, ಕೊನೆಯಲ್ಲಿ ಸತ್ತವರು ಆ ಹಾಲ್‌ನಲ್ಲಿ ಕುಣಿಯಬೇಕು. ಕಂಪನಿಗೆ ಮೂರು ವಾರ ರಜೆ ಹಾಕಿ, ಬೆರಳೆಣಿಕೆಯ ಜನರನ್ನು ಕಟ್ಟಿಕೊಂಡು ಶೂಟಿಂಗ್ ಮುಗಿಸಿದ.

ಒಟ್ಟು ಖರ್ಚು ಸುಮಾರು 33,000 ಡಾಲರ್. ಆಗ ಒಂದು ಡಾಲರ್‌ಗೆ 4 ರೂಪಾಯಿ 76 ಪೈಸೆ. ಅಂದರೆ ನಮ್ಮ ಲೆಕ್ಕದಲ್ಲಿ ಒಂದೂವರೆ ಲಕ್ಷಕ್ಕಿಂತ ಸ್ವಲ್ಪ ಜಾಸ್ತಿ. ಎರಡು ವರ್ಷ ಮುಂಚೆ, 1960ರಲ್ಲಿ ಬಂದ ಹಿಚ್‌ಕಾಕ್‌ನ ‘ಸೈಕೋ’ಗೆ ಸುಮಾರು 8 ಲಕ್ಷ ಡಾಲರ್ ಆಗಿತ್ತು. ಅದೂ ಹಾಲಿವುಡ್ ಲೆಕ್ಕದಲ್ಲಿ ಸಣ್ಣ ಖರ್ಚೇ.

ದುಡ್ಡು ಏನನ್ನು ಕೊಡುತ್ತದೆ?

ದುಡ್ಡಿದ್ದರೆ ದೊಡ್ಡ ಸೆಟ್, ದೊಡ್ಡ ನಟರು ಸಿಗುತ್ತಾರೆ ಅಂತ ಎಲ್ಲರಿಗೂ ಗೊತ್ತು. ಆದರೆ ದುಡ್ಡು ಕೊಡುವ ದೊಡ್ಡ ವಸ್ತು ಬೇರೆ ಇದೆ. ಇನ್ನೊಂದು ಸಲ ಮಾಡುವ ಅವಕಾಶ. ಮದುವೆ ವಿಡಿಯೋದವರಿಗೆ ಇದು ಚೆನ್ನಾಗಿ ಗೊತ್ತು. ತಾಳಿ ಕಟ್ಟುವುದು ಒಂದೇ ಸಲ. ಆ ಹೊತ್ತಿಗೆ ಯಾರೋ ಚಿಕ್ಕಪ್ಪ ಅಕ್ಷತೆ ಹಾಕಲು ಕ್ಯಾಮೆರಾಗೆ ಅಡ್ಡ ಬಂದರೆ, ಆ ಚಿಕ್ಕಪ್ಪನ ಬೆನ್ನೇ ಆ ಮದುವೆಯ ನೆನಪಾಗಿ ಉಳಿಯುತ್ತದೆ. ಅದನ್ನು ಕಿತ್ತು ಎಸೆಯಲು ಆಗುವುದಿಲ್ಲ. ಅದನ್ನು ಇಟ್ಟುಕೊಂಡೇ ಚೆಂದ ಮಾಡಬೇಕು.

ಕಡಿಮೆ ದುಡ್ಡಿನ ಸಿನಿಮಾದವರ ಪಾಡು ಇದೇ. ಫಿಲ್ಮ್ ರೀಲಿಗೆ ಅಡಿ ಲೆಕ್ಕದಲ್ಲಿ ದುಡ್ಡು. ತೊಳೆಸಲು ದುಡ್ಡು. ನಟ ಒಂದು ಮಾತು ಎಡವಿದರೂ ಅದೇ ಟೇಕ್ ಇಟ್ಟುಕೊಳ್ಳಬೇಕು. ಕಾರು ನದಿಗೆ ಬೀಳುವ ದೃಶ್ಯ ಇದೆಯಲ್ಲ, ಅದನ್ನು ಕ್ಯಾನ್ಸಸ್‌ನ ಲೆಕಾಂಪ್ಟನ್ ಹತ್ತಿರದ ನಿಜವಾದ ಸೇತುವೆ ಮೇಲೆ ತೆಗೆದರು. ಮುರಿದ ಕಟಕಟೆ ರಿಪೇರಿ ಮಾಡಿಕೊಡಿ ಅಂತಷ್ಟೇ ಅಲ್ಲಿಯವರು ಕೇಳಿದರು. ಕಾರು ನಿಜ, ಸೇತುವೆ ನಿಜ, ನೀರು ನಿಜ. ಹರಿಹರದ ತುಂಗಭದ್ರೆ ಸೇತುವೆ ದಾಟುವಾಗ ನನಗೆ ಈಗಲೂ ಆ ದೃಶ್ಯ ನೆನಪಾಗುತ್ತದೆ. ಸ್ಟುಡಿಯೋದ ತೊಟ್ಟಿಯಲ್ಲಿ ಆಟಿಕೆ ಕಾರು ಬೀಳಿಸಿದ್ದರೆ ನೆನಪಿರುತ್ತಿರಲಿಲ್ಲ.

ಕಾರಿನ ಒಳಗಿನ ದೃಶ್ಯಗಳೂ ಹೀಗೇ. ಆ ಕಾಲದ ದೊಡ್ಡ ಸಿನಿಮಾಗಳಲ್ಲಿ ನಿಂತ ಕಾರಿನಲ್ಲಿ ನಟರನ್ನು ಕೂರಿಸಿ, ಹಿಂದೆ ಪರದೆ ಮೇಲೆ ಓಡುವ ರಸ್ತೆಯ ಚಿತ್ರ ಬಿಡುತ್ತಿದ್ದರು. ಅದಕ್ಕೆ ಸಲಕರಣೆ ಬೇಕು, ಸ್ಟುಡಿಯೋ ಬೇಕು. ಹಾರ್ವೆ ಹತ್ತಿರ ಎರಡೂ ಇರಲಿಲ್ಲ. ಕೈಯಲ್ಲಿ ಹಿಡಿಯುವ ಆ್ಯರಿಫ್ಲೆಕ್ಸ್ ಕ್ಯಾಮೆರಾವನ್ನು ಓಡುವ ಕಾರಿನೊಳಗೇ ತಂದರು. ಚಿತ್ರ ಸ್ವಲ್ಪ ಅಲುಗುತ್ತದೆ. ಆದರೆ ಕಿಟಕಿಯ ಆಚೆ ಇರುವುದು ನಿಜವಾದ ಬಯಲು. ಆ ಕಿಟಕಿಯಲ್ಲಿ ಬಿಳಿ ಮುಖ ಕಂಡಾಗ ನಂಬಿಕೆ ಬರುವುದು ಈ ಕಾರಣಕ್ಕೇ.

ಬಾಯಿ ಒಂದು ಕಡೆ, ಮಾತು ಒಂದು ಕಡೆ

ಹುಡುಗ ಮೊದಲು ಹಿಡಿದ ತಪ್ಪು ಇದು. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಈ ಚಿತ್ರದ ಗುಟ್ಟು ಇರುವುದು ಇಲ್ಲಿಯೇ.

ಫಿಲ್ಮ್ ಕ್ಯಾಮೆರಾದಲ್ಲಿ ರೀಲು ಸೆಕೆಂಡಿಗೆ 24 ಸಲ ನಿಂತು, ಮತ್ತೆ ಮುಂದೆ ಸರಿಯುತ್ತದೆ. ಹೊಲಿಗೆ ಮಿಷನ್ ಹಾಗೆ ಕಟಕಟ ಸದ್ದು ಬರುತ್ತದೆ. ಸಂಭಾಷಣೆಯನ್ನು ಸ್ಥಳದಲ್ಲೇ ರೆಕಾರ್ಡ್ ಮಾಡಬೇಕಾದರೆ ಕ್ಯಾಮೆರಾಗೆ ಸದ್ದು ತಡೆಯುವ ದಪ್ಪ ಕವಚ ಹಾಕಬೇಕು. ಅದು ಭಾರ. ಕೈಯಲ್ಲಿ ಹಿಡಿದು ಓಡಾಡಲು ಆಗುವುದಿಲ್ಲ. ಹಾಗಾಗಿ ಹಗುರ ಕ್ಯಾಮೆರಾದಲ್ಲಿ ಮೂಕಿಯಾಗಿ ತೆಗೆದು, ಮಾತನ್ನು ಆಮೇಲೆ ಸ್ಟುಡಿಯೋದಲ್ಲಿ ಸೇರಿಸುವುದು ಅಗ್ಗದ ದಾರಿ. ನಮ್ಮ ಕನ್ನಡ ಸಿನಿಮಾಗಳಲ್ಲೂ ಡಬ್ಬಿಂಗ್ ಬಹಳ ಕಾಲದಿಂದ ನಡೆದು ಬಂದದ್ದೇ. ಚೆನ್ನಾಗಿ ಮಾಡಿದರೆ ಗೊತ್ತಾಗುವುದಿಲ್ಲ. ಅವಸರದಲ್ಲಿ ಮಾಡಿದರೆ ತುಟಿ ಮತ್ತು ಮಾತು ಬೇರೆ ಬೇರೆಯಾಗುತ್ತವೆ.

ಎಷ್ಟು ತಪ್ಪಿದರೆ ಕಾಣುತ್ತದೆ? ಸೆಕೆಂಡಿಗೆ ಮೂಡುವ ಆ 24 ಚಿತ್ರಗಳಲ್ಲಿ ಒಂದೊಂದಕ್ಕೂ ಫ್ರೇಮ್ ಅನ್ನುತ್ತೇವೆ. ಒಂದು ಫ್ರೇಮ್ ಅಂದರೆ ಸುಮಾರು 42 ಮಿಲಿಸೆಕೆಂಡ್. ಮಾತು ಒಂದೆರಡು ಫ್ರೇಮ್ ತಡವಾಗಿ ಬಂದರೆ ಹೆಚ್ಚಿನವರಿಗೆ ಗೊತ್ತಾಗುವುದಿಲ್ಲ. ಅಷ್ಟೇ ಮುಂಚೆ ಬಂದರೆ ಬೇಗ ಕಿರಿಕಿರಿಯಾಗುತ್ತದೆ. ಯಾಕೆ ಅಂದರೆ ನಮ್ಮ ಅನುಭವದಲ್ಲಿ ಸದ್ದು ಯಾವಾಗಲೂ ಕಣ್ಣಿನ ಹಿಂದೆಯೇ ಬರುತ್ತದೆ. ಮೊದಲು ಮಿಂಚು, ಆಮೇಲೆ ಗುಡುಗು. ಅಗಸ ದೂರದ ಕೆರೆಯಲ್ಲಿ ಬಟ್ಟೆ ಒಗೆಯುವಾಗ ಕೈ ಮೇಲೆ ಹೋದ ಮೇಲೆ ಸದ್ದು ಕೇಳಿಸುತ್ತದಲ್ವಾ, ಹಾಗೆ. ಬಾಯಿ ತೆರೆಯುವ ಮೊದಲೇ ಮಾತು ಕೇಳಿಸಿದರೆ ಮನಸ್ಸು ತಕ್ಷಣ ಇದು ಸುಳ್ಳು ಅನ್ನುತ್ತದೆ.

ಇನ್ನೊಂದು ಕೊರತೆ ಇನ್ನೂ ಸೂಕ್ಷ್ಮ. ಪ್ರತಿ ಜಾಗಕ್ಕೂ ತನ್ನದೇ ಒಂದು ಸದ್ದಿದೆ. ಖಾಲಿ ಕೋಣೆಗೂ ಇದೆ. ಫ್ಯಾನು, ದೂರದ ಲಾರಿ, ಪಕ್ಕದ ಮನೆ ಮಿಕ್ಸಿ, ಗೋಡೆಗೆ ತಾಗಿ ವಾಪಸ್ ಬರುವ ದನಿ. ನಾವು ಇದಕ್ಕೆ ಆಂಬಿಯನ್ಸ್ ಅನ್ನುತ್ತೇವೆ. ಕೆಲಸ ಕಲಿಯುವ ಕಾಲದಲ್ಲಿ ನಾನು ಒಂದು ಸನ್ಮಾನದ ಭಾಷಣ ಎಡಿಟ್ ಮಾಡಿದ್ದೆ. ಮಾತಿನ ನಡುವಿನ ಗುಯ್ ಅನ್ನುವ ಸದ್ದು ಬೇಡ ಅಂತ ಎಲ್ಲವನ್ನೂ ಕತ್ತರಿಸಿ ಹಾಕಿದೆ. ಸ್ವಚ್ಛವಾಗಿದೆ ಅಂತ ಖುಷಿಪಟ್ಟೆ. ಮನೆಯವರು ನೋಡಿ, ಅಜ್ಜ ಬಾವಿಯೊಳಗಿಂದ ಮಾತಾಡಿದ ಹಾಗಿದೆ, ನಡುನಡುವೆ ಉಸಿರು ನಿಂತ ಹಾಗಿದೆ ಅಂದರು. ಅಂದಿನಿಂದ ಖಾಲಿ ಹಾಲ್‌ನ ಸದ್ದನ್ನು ಒಂದು ನಿಮಿಷ ರೆಕಾರ್ಡ್ ಮಾಡದೆ ನಾನು ಛತ್ರ ಬಿಟ್ಟು ಬರುವುದಿಲ್ಲ.

‘ಕಾರ್ನಿವಲ್ ಆಫ್ ಸೋಲ್ಸ್’ನ ಹಲವು ಮಾತುಕತೆಗಳಿಗೆ ಈ ಖಾಲಿ ಹಾಲ್‌ನ ಸದ್ದೇ ಇಲ್ಲ. ಜನ ಮಾತಾಡುತ್ತಾರೆ, ಆದರೆ ಆ ಕೋಣೆಯಲ್ಲಿ ನಿಂತು ಮಾತಾಡಿದ ಹಾಗೆ ಅನ್ನಿಸುವುದಿಲ್ಲ. ಹೆಜ್ಜೆಯ ಸದ್ದು ನೆಲಕ್ಕೆ ಸೇರಿದ್ದಲ್ಲ ಅನ್ನಿಸುತ್ತದೆ. ಬೇರೆ ಯಾವ ಚಿತ್ರದಲ್ಲಾದರೂ ಇದು ಬರೀ ತಪ್ಪು. ಸಂಸಾರದ ಕಥೆಯಲ್ಲಿ ಹೀಗಾದರೆ ನಾನು ಎದ್ದು ಹೋಗುತ್ತೇನೆ. ಆದರೆ ಇಲ್ಲಿ ಕಥೆ ಯಾರದು? ನದಿಯಿಂದ ಎದ್ದು ಬಂದ ಮೇಲೆ ಈ ಲೋಕಕ್ಕೆ ಸರಿಯಾಗಿ ಅಂಟಿಕೊಳ್ಳದ ಹೆಂಗಸಿನದು. ಅವಳಿಗೂ ಊರಿಗೂ ನಡುವೆ ಒಂದು ತೆಳು ಪರದೆ ಇದೆ. ಧ್ವನಿಪಟ್ಟಿಯಲ್ಲೂ ಅದೇ ಪರದೆ ಇದೆ. ನೋಡುವವರಿಗೆ ಕಾರಣ ಗೊತ್ತಾಗುವುದಿಲ್ಲ. ಏನೋ ಸರಿಯಿಲ್ಲ ಅನ್ನುವುದು ಮಾತ್ರ ಗೊತ್ತಾಗುತ್ತದೆ.

ಇಂಥ ತೆಳು ಧ್ವನಿಗೆ ಅರ್ಧ ಗಂಟೆ ಕಿವಿ ಒಗ್ಗಿರುತ್ತದೆ. ಆಗ ಆ ಬಟ್ಟೆ ಅಂಗಡಿ ಬರುತ್ತದೆ. ಚಿತ್ರ ನೀರಿನ ಹಾಗೆ ಒಮ್ಮೆ ಅಲುಗುತ್ತದೆ. ಇದ್ದ ತೆಳು ಸದ್ದೂ ಹೋಗುತ್ತದೆ. ಸದ್ದನ್ನು ತೆಗೆಯಲು ಒಂದು ಪೈಸೆ ಖರ್ಚಿಲ್ಲ. ಅಷ್ಟು ಕಡಿಮೆ ಖರ್ಚಿನಲ್ಲಿ ಮಾಡಿದ ಇಷ್ಟು ಭಯವಾಗುವ ದೃಶ್ಯ ನಾನು ಇನ್ನೊಂದು ನೋಡಿಲ್ಲ.

ಸದ್ದು ನಿಂತರೆ ಯಾಕೆ ಭಯ? ರಾತ್ರಿ ಕರೆಂಟ್ ಹೋದಾಗ ನೋಡಿ. ಫ್ಯಾನ್ ತಿರುಗುವಾಗ ಅದರ ಸದ್ದು ನಮಗೆ ಕೇಳಿಸುವುದೇ ಇಲ್ಲ. ನಿಂತ ಕೂಡಲೇ ಎಚ್ಚರವಾಗುತ್ತದೆ. ಒಂದೇ ಸಮನೆ ಬರುವ ಸದ್ದನ್ನು ಮಿದುಳು ಲೆಕ್ಕದಿಂದ ಬಿಟ್ಟುಬಿಡುತ್ತದೆ, ಬದಲಾವಣೆಯನ್ನು ಮಾತ್ರ ಹಿಡಿಯುತ್ತದೆ. ನಿಲ್ಲುವುದೂ ಒಂದು ಬದಲಾವಣೆಯೇ.

ನಮ್ಮ ಮನೆಯಲ್ಲಿ ಇದಕ್ಕೊಂದು ಉದಾಹರಣೆ ಇದೆ. ದಾವಣಗೆರೆ ಈಗ ಬೆಣ್ಣೆ ದೋಸೆಯ ಊರು. ಒಂದು ಕಾಲದಲ್ಲಿ ಹತ್ತಿ ಮಿಲ್ಲುಗಳ ಊರು, ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡಿತ್ತು. ನಮ್ಮ ಅಪ್ಪ ಒಂದು ಮಿಲ್ಲಿನಲ್ಲಿ ಮಗ್ಗದ ವಿಭಾಗದಲ್ಲಿದ್ದರು. ಪಾಳಿಗೆ ಕರೆಯುವ ಸೈರನ್ನೇ ನಮ್ಮ ಓಣಿಯ ಗಡಿಯಾರ. ಮಿಲ್ ಮುಚ್ಚಿದ ಮಾರನೇ ದಿನ ಸೈರನ್ ಆಗಲಿಲ್ಲ. ಅಪ್ಪ ಆ ಹೊತ್ತಿಗೆ ಸರಿಯಾಗಿ ಎದ್ದು ಕೂತಿದ್ದರು. ಅಮ್ಮ ಏನಾಯ್ತು ಅಂತ ಕೇಳಿದಾಗ "ಏನೋ ಕೇಳಿಸ್ತಪ್ಪಾ" ಅಂದರಂತೆ. ಏನೂ ಕೇಳಿಸಿರಲಿಲ್ಲ. ಕೇಳಿಸದೇ ಇದ್ದದ್ದೇ ಅವರನ್ನು ಎಬ್ಬಿಸಿತ್ತು.

ಜಾತ್ರೆ ಮುಗಿದ ಮೈದಾನ

ಈಗ ಆ ಪಾಳು ಕಟ್ಟಡದ ವಿಷಯ. ಸಾಲ್ಟ್‌ಏರ್ ಅನ್ನು ಮೊದಲು ಕಟ್ಟಿದ್ದು 1893ರಲ್ಲಿ. ಸರೋವರಕ್ಕೆ ಈಜಲು, ಕುಣಿಯಲು ಬರುವ ಜನರಿಗಾಗಿ. ಈರುಳ್ಳಿ ಆಕಾರದ ಗುಮ್ಮಟಗಳು, ದೊಡ್ಡ ನೃತ್ಯದ ಹಾಲ್. 1925ರಲ್ಲಿ ಸುಟ್ಟುಹೋಯಿತು. ಮತ್ತೆ ಕಟ್ಟಿದರು. ಸರೋವರದ ನೀರು ಹಿಂದೆ ಸರಿಯಿತು, ಜನ ಕಡಿಮೆಯಾದರು, 1958ರಲ್ಲಿ ಬಾಗಿಲು ಹಾಕಿದರು. ಹಾರ್ವೆ ಬಂದು ಶೂಟ್ ಮಾಡಿದ್ದು ಆ ಖಾಲಿ ಕಟ್ಟಡದಲ್ಲಿ. 1970ರಲ್ಲಿ ಅದೂ ಸುಟ್ಟುಹೋಯಿತು. ಹಾಗಾಗಿ ಅದರ ಕೊನೆಯ ದಿನಗಳು ಈ ಚಿತ್ರದಲ್ಲಿ ಹಾಗೇ ಉಳಿದಿವೆ.

ಇಂಥ ಸೆಟ್ ಹಾಕಲು ದೊಡ್ಡ ಸ್ಟುಡಿಯೋ ಲಕ್ಷಗಟ್ಟಲೆ ಸುರಿಯಬೇಕಿತ್ತು. ಸುರಿದರೂ ಆ ಧೂಳು, ಆ ಕಿತ್ತ ಹಲಗೆ, ಕಂಬದ ಮೇಲಿನ ಉಪ್ಪಿನ ಕಲೆ ಸಿಗುತ್ತಿರಲಿಲ್ಲ. ಪಾಳು ಜಾಗ ಹೆದರಿಸುವುದು ಅಲ್ಲಿ ದೆವ್ವ ಇದೆ ಅಂತ ಅಲ್ಲ. ಅಲ್ಲಿ ಒಂದು ಕಾಲದಲ್ಲಿ ಜನ ಇದ್ದರು ಅನ್ನುವುದಕ್ಕೆ. ನಮ್ಮೂರ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಜಾತ್ರೆಯ ದಿನ ಯಾರಿಗೂ ಭಯವಾಗುವುದಿಲ್ಲ. ಎಲ್ಲ ಮುಗಿದು, ಅಂಗಡಿ ಎತ್ತಿ, ದೊಡ್ಡ ತೊಟ್ಟಿಲು ಮಾತ್ರ ಇನ್ನೂ ಬಿಚ್ಚದೆ ನಿಂತಿರುವ ನಸುಕಿನಲ್ಲಿ ಆ ಕಡೆ ಹೋಗಿ ನೋಡಿ. ಖಾಲಿ ಮಿಲ್ಲಿನ ಗೇಟಿನ ಮುಂದೆಯೂ ನನಗೆ ಹಾಗೇ ಆಗುತ್ತದೆ. ಹಾರ್ವೆಗೆ ಆ ಸಂಜೆ ಕಾರು ನಿಲ್ಲಿಸುವ ಹಾಗೆ ಮಾಡಿದ್ದು ಇದೇ ಭಾವ ಅಂತ ನಾನು ನಂಬಿದ್ದೇನೆ.

ಸಂಗೀತ ಇಡೀ ಚಿತ್ರಕ್ಕೆ ಒಂದೇ ವಾದ್ಯ. ಆರ್ಗನ್. ಜೀನ್ ಮೂರ್ ಅದರ ಸಂಗೀತಗಾರ. ಐವತ್ತು ಜನರ ವಾದ್ಯವೃಂದಕ್ಕೆ ದುಡ್ಡಿರಲಿಲ್ಲ ಅನ್ನುವುದು ಸ್ಪಷ್ಟ. ಲಾರೆನ್ಸ್ ಊರಿನಲ್ಲೇ ರಾಯ್ಟರ್ ಎಂಬ ಆರ್ಗನ್ ತಯಾರಿಸುವ ಕಾರ್ಖಾನೆ ಇತ್ತು. ಅಲ್ಲಿಯೂ ಒಂದು ದೃಶ್ಯ ತೆಗೆದಿದ್ದಾರೆ. ಊರಲ್ಲಿ ಏನಿತ್ತೋ ಅದೇ ಕಥೆಯೊಳಗೆ ಬಂತು.

ಆರ್ಗನ್ ಯಾಕೆ ಹೆದರಿಸುತ್ತದೆ ಅಂತ ಹೇಳಲು ನಮ್ಮ ಹಾರ್ಮೋನಿಯಂ ಸಾಕು. ದಾವಣಗೆರೆ ಕಂಪನಿ ನಾಟಕದ ಊರು. ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿ ಇಲ್ಲಿಯದೇ. ಹಾರ್ಮೋನಿಯಂ ಮಾಸ್ತರರು ಕಾಲಲ್ಲಿ ತಿದಿ ಒತ್ತುತ್ತಾ ನುಡಿಸುವುದನ್ನು ನೋಡಿದವರಿಗೆ ಗೊತ್ತು. ಒತ್ತು ಜೋರಾದರೆ ಸ್ವರ ಉಬ್ಬುತ್ತದೆ, ಸಡಿಲವಾದರೆ ಇಳಿಯುತ್ತದೆ. ಮನುಷ್ಯನ ಉಸಿರು ಅದರೊಳಗೆ ಇದ್ದ ಹಾಗೆ. ಚರ್ಚಿನ ದೊಡ್ಡ ಆರ್ಗನ್‌ಗೆ ಗಾಳಿ ಕೊಡುವುದು ಮೋಟಾರು. ಮಣೆ ಒತ್ತಿ ಹಿಡಿದಷ್ಟು ಹೊತ್ತೂ ಸ್ವರ ಒಂದೇ ಸಮ ನಿಂತಿರುತ್ತದೆ. ತಂತಿ ಮೀಟಿದಾಗಿನ ಹಾಗೆ ಕರಗುವುದಿಲ್ಲ. ಹಾಡುವವರ ಹಾಗೆ ಉಸಿರು ತೆಗೆದುಕೊಳ್ಳುವುದಿಲ್ಲ. ಉಸಿರಿಲ್ಲದ ಸ್ವರ ಅದು.

ಜೊತೆಗೆ ಇನ್ನೊಂದು ಗೊಂದಲ. ಮೇರಿಯ ಕೆಲಸವೇ ಆರ್ಗನ್ ನುಡಿಸುವುದು. ಹಾಗಾಗಿ ಕೇಳಿಸುತ್ತಿರುವುದು ಹಿನ್ನೆಲೆ ಸಂಗೀತವೋ, ಕಥೆಯೊಳಗೆ ಯಾರೋ ನುಡಿಸುತ್ತಿರುವುದೋ, ಅವಳ ತಲೆಯೊಳಗಿನದೋ ಗೊತ್ತಾಗುವುದಿಲ್ಲ. ಒಂದು ಕಡೆ ಅವಳು ಕಾರಿನ ರೇಡಿಯೋ ತಿರುಗಿಸುತ್ತಾಳೆ. ಯಾವ ಸ್ಟೇಷನ್‌ಗೆ ಹೋದರೂ ಆರ್ಗನ್ನೇ. ಒಂದೇ ವಾದ್ಯಕ್ಕೆ ಮಾತ್ರ ದುಡ್ಡಿದ್ದದ್ದು ಅಲ್ಲಿ ಕಥೆಯೇ ಆಗಿಬಿಡುತ್ತದೆ.

ಮುಖದ ಪೌಡರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕಪ್ಪು ಬಿಳುಪಿನಲ್ಲಿ ಎಲ್ಲರ ಚರ್ಮವೂ ಬೂದು ಬಣ್ಣವೇ. ಅದನ್ನು ಸ್ವಲ್ಪ ಬಿಳಿ ಮಾಡಿ, ಕಣ್ಣ ಸುತ್ತ ಕಪ್ಪು ತೀಡಿದರೆ ಸಾಕು, ಜೀವ ಹೋದ ಮುಖ. ಬಣ್ಣದಲ್ಲಿ ಇದೇ ಮೇಕಪ್ ನಾಟಕದ ವೇಷದ ಹಾಗೆ ಕಾಣುತ್ತದೆ. ಜಾರ್ಜ್ ರೊಮೆರೊ 1968ರ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ನಲ್ಲಿ ರಕ್ತಕ್ಕೆ ಚಾಕೊಲೇಟ್ ಸಿರಪ್ ಬಳಸಿದ್ದೂ ಇದೇ ಧೈರ್ಯದಿಂದ. ಅಂದ ಹಾಗೆ, ಈ ಚಿತ್ರದ ಬಿಳಿಮುಖದ ಗಂಡಸು ಹಾರ್ವೆಯೇ. ಇನ್ನೊಬ್ಬ ನಟನ ಸಂಬಳ ಉಳಿಯಿತು.

ತಪ್ಪು ತಪ್ಪೇ ಆಗಿ ಉಳಿದ ಜಾಗಗಳು

ಎಲ್ಲ ತಪ್ಪನ್ನೂ ಚೆಂದ ಅಂತ ಹೊಗಳಿದರೆ ಈ ಚಿತ್ರಕ್ಕೆ ಮೋಸ ಮಾಡಿದ ಹಾಗೆ. ಬಟ್ಟೆ ಅಂಗಡಿಯ ದೃಶ್ಯ ಮುಗಿದ ಸ್ವಲ್ಪ ಹೊತ್ತಿಗೇ ಪಾರ್ಕಿನಲ್ಲಿ ಒಬ್ಬ ಡಾಕ್ಟರ್ ಸಿಗುತ್ತಾನೆ. ಅವಳನ್ನು ಕೂರಿಸಿಕೊಂಡು ಮನಸ್ಸು, ಕಲ್ಪನೆ ಅಂತ ವಿವರಿಸುತ್ತಾನೆ. ಈಗಷ್ಟೇ ಮೈ ಜುಮ್ ಅಂದಿತ್ತು, ಅಷ್ಟರಲ್ಲಿ ಪಾಠ ಶುರು. ಆ ದೃಶ್ಯ ಅರ್ಧ ಇದ್ದಿದ್ದರೂ ಜಾಸ್ತಿಯೇ. ಇದು ದುಡ್ಡಿನ ತಪ್ಪಲ್ಲ. ನೋಡುವವರಿಗೆ ಅರ್ಥವಾಗಲಿಕ್ಕಿಲ್ಲ ಅನ್ನುವ ಅಳುಕು. ಪಾಠದ ಚಿತ್ರಗಳನ್ನು ಮಾಡಿ ಬಂದ ಕೈ ಅಲ್ಲಿ ಹಳೇ ಅಭ್ಯಾಸಕ್ಕೆ ಬಿದ್ದಿದೆ.

ನಟನೆಯೂ ಒಂದೇ ಮಟ್ಟದಲ್ಲಿಲ್ಲ. ಮೇರಿಯಾದ ಕ್ಯಾಂಡೇಸ್ ಹಿಲಿಗಾಸ್ ತರಬೇತಿ ಪಡೆದ ನಟಿ. ಸುತ್ತಮುತ್ತ ಹೆಚ್ಚಿನವರು ಆ ಊರುಗಳ ಜನ. ಕೆಲವರು ಬಾಯಿಪಾಠ ಒಪ್ಪಿಸಿದ ಹಾಗೆ ಮಾತಾಡುತ್ತಾರೆ. ಪಕ್ಕದ ಕೋಣೆಯ ಬಾಡಿಗೆದಾರನ ದೃಶ್ಯಗಳು ಉದ್ದವಾಯಿತು ಅಂತ ಮೊದಲ ಸಲ ನನಗೂ ಅನ್ನಿಸಿತ್ತು. ಅವನು ಬಾಗಿಲಲ್ಲಿ ನಿಂತು ಜೊಲ್ಲು ಸುರಿಸುವವನು. ಎರಡನೇ ಸಲ ನೋಡಿದಾಗ ಅಭಿಪ್ರಾಯ ಬದಲಾಯಿತು. ಅವಳಿಗೆ ಆ ಕಡೆ ಸತ್ತವನು ಕರೆಯುತ್ತಾನೆ, ಈ ಕಡೆ ಬದುಕಿರುವವನು ಹೀಗಿದ್ದಾನೆ. ಹೆಣ್ಣುಮಗಳೊಬ್ಬಳಿಗೆ ಎರಡರಲ್ಲಿ ಯಾವುದು ಭಯ ಅಂತ ಆ ದೃಶ್ಯ ಕೇಳುತ್ತದೆ. ಈಗ ನಾನು ಅದರಲ್ಲಿ ಒಂದು ಫ್ರೇಮ್ ಕೂಡ ಕತ್ತರಿಸಲು ಬಿಡುವುದಿಲ್ಲ.

ಹಾಗಾದರೆ ಕಡಿಮೆ ದುಡ್ಡಿನ ಎಲ್ಲ ದೆವ್ವದ ಚಿತ್ರಗಳೂ ಹೀಗೇನಾ? ಇಲ್ಲ. ಎಡ್ ವುಡ್‌ನ ‘ಪ್ಲಾನ್ 9 ಫ್ರಮ್ ಔಟರ್ ಸ್ಪೇಸ್’ ನೋಡಿ. ಅದರಲ್ಲಿ ದೊಡ್ಡ ಹೆಸರಿನ ನಟ ಬೆಲಾ ಲುಗೋಸಿ. ಅವರು 1956ರಲ್ಲಿ ತೀರಿಕೊಂಡರು. ಕೈಯಲ್ಲಿ ಇದ್ದದ್ದು ಅವರ ಕೆಲವು ತುಣುಕು ಮಾತ್ರ. ಉಳಿದ ಕಡೆ ನಿರ್ದೇಶಕನ ಹೆಂಡತಿಗೆ ಬೆನ್ನುಮೂಳೆ ಚಿಕಿತ್ಸೆ ಕೊಡುತ್ತಿದ್ದವರೊಬ್ಬರನ್ನು ಕರೆತಂದು, ನಿಲುವಂಗಿಯನ್ನು ಮುಖಕ್ಕೆ ಅಡ್ಡ ಹಿಡಿಸಿ ನಡೆಸಿದರು. ಆ ಹಟ ನನಗೆ ಇಷ್ಟ. ಸಿನಿಮಾ ಮಾಡಲೇಬೇಕು ಅನ್ನುವ ಹಸಿವು ಅದು. ಆದರೆ ಹಾರುವ ತಟ್ಟೆ, ವಿಮಾನ, ಬೇರೆ ಲೋಕದವರು ಅಂತ ತನ್ನ ಹತ್ತಿರ ಇಲ್ಲದ್ದನ್ನೆಲ್ಲ ಆ ಚಿತ್ರ ತೋರಿಸಲು ಹೋಗುತ್ತದೆ. ಹಾರ್ವೆ ತನ್ನ ಹತ್ತಿರ ಇದ್ದದ್ದನ್ನು ಮಾತ್ರ ತೋರಿಸಿದ. ಒಂದು ಪಾಳು ಕಟ್ಟಡ, ಒಂದು ಆರ್ಗನ್, ಒಬ್ಬಳು ನಟಿ.

ಕಂಪನಿ ನಾಟಕದಲ್ಲಿ ಅರಮನೆಯ ಸೀನು ಬಟ್ಟೆ ಮೇಲೆ ಬರೆದದ್ದು ಅಂತ ಎಲ್ಲರಿಗೂ ಗೊತ್ತು. ಗಾಳಿಗೆ ಕಂಬ ಅಲುಗಿದರೂ ಯಾರೂ ನಗುವುದಿಲ್ಲ. ಟಿಕೆಟ್ ತೆಗೆಯುವಾಗಲೇ ನಾವು ಅದಕ್ಕೆ ಒಪ್ಪಿರುತ್ತೇವೆ. ಸಿನಿಮಾದಲ್ಲಿ ಆ ಒಪ್ಪಂದ ಇಲ್ಲ. ಕ್ಯಾಮೆರಾ ಇದು ನಿಜ ಅಂತ ಮಾತು ಕೊಟ್ಟುಬಿಟ್ಟಿರುತ್ತದೆ. ಆಮೇಲೆ ಗೋಡೆ ಅಲುಗಿದರೆ ಮಾತು ತಪ್ಪಿದ ಹಾಗೆ. ಕಡಿಮೆ ದುಡ್ಡಿನವರು ತಾವು ಉಳಿಸಿಕೊಳ್ಳಬಹುದಾದ ಮಾತನ್ನು ಮಾತ್ರ ಕೊಡಬೇಕು.

ನಮ್ಮ ದೇಶದಲ್ಲಿ ಈ ದಾರಿ ಹಿಡಿದವರು ರಾಮ್ಸೆ ಸಹೋದರರು. 1972ರಲ್ಲಿ ‘ದೋ ಗಜ್ ಜಮೀನ್ ಕೆ ನೀಚೆ’ ಮಾಡಿದಾಗ ಮನೆಯವರೇ ಕೆಲಸ ಹಂಚಿಕೊಂಡರು. ತುಳಸಿ ಮತ್ತು ಶ್ಯಾಮ್ ನಿರ್ದೇಶನ, ಗಂಗು ಕ್ಯಾಮೆರಾ, ಕಿರಣ್ ಧ್ವನಿ. ಕನ್ನಡದಲ್ಲಿ ದೆವ್ವ ಅಂದರೆ ನಮ್ಮ ಹಿರಿಯರ ಬಾಯಲ್ಲಿ ಮೊದಲು ಬರುವುದು 1979ರ ‘ನಾ ನಿನ್ನ ಬಿಡಲಾರೆ’. ಅನಂತ್ ನಾಗ್, ಲಕ್ಷ್ಮಿ. ಆ ಚಿತ್ರ ನೋಡಿ ಬಂದ ರಾತ್ರಿ ಹಿತ್ತಲಿಗೆ ಒಬ್ಬಳೇ ಹೋಗಲಿಲ್ಲ ಅಂತ ನಮ್ಮ ಅಮ್ಮ ಈಗಲೂ ಹೇಳುತ್ತಾರೆ.

ಹಾರ್ವೆಯ ಚಿತ್ರಕ್ಕೆ ಬಿಡುಗಡೆಯಾದಾಗ ಅಂಥ ಜನ ಸಿಗಲಿಲ್ಲ. ಹಂಚಿಕೆ ಮಾಡಿದ ಕಂಪನಿ ದಿವಾಳಿಯಾಯಿತು. ಅವನಿಗೆ ದುಡ್ಡು ಬರಲಿಲ್ಲ. ಅವನು ಲಾರೆನ್ಸ್‌ಗೆ, ತನ್ನ ಹಳೇ ಕೆಲಸಕ್ಕೆ ವಾಪಸ್ ಹೋದ. ಪೂರ್ಣ ಪ್ರಮಾಣದ ಇನ್ನೊಂದು ಕಥಾಚಿತ್ರ ಮಾಡಲೇ ಇಲ್ಲ. ಇದನ್ನು ಓದಿದಾಗ ನನಗೆ ಬಹಳ ಸಂಕಟವಾಗಿತ್ತು.

ಚಿತ್ರವನ್ನು ಉಳಿಸಿದ್ದು ಇನ್ನೊಂದು ತಪ್ಪು. ಆಗ ಅಮೆರಿಕದ ಕಾನೂನಿನಲ್ಲಿ ಪ್ರಿಂಟ್ ಮೇಲೆ ಹಕ್ಕುಸ್ವಾಮ್ಯದ ಸಾಲು ಇರಲೇಬೇಕಿತ್ತು. ಇದರಲ್ಲಿ ಅದು ಇರಲಿಲ್ಲ. ರೊಮೆರೊ ಚಿತ್ರಕ್ಕೂ ಹೀಗೇ ಆಯಿತು, ಹೆಸರು ಬದಲಿಸುವಾಗ ಆ ಸಾಲು ಬಿಟ್ಟುಹೋಯಿತು. ಹೀಗಾಗಿ ಎರಡೂ ಚಿತ್ರಗಳು ಎಲ್ಲರ ಸೊತ್ತಾದವು. ಟಿವಿಯವರು ದುಡ್ಡು ಕೊಡದೆ ತಡರಾತ್ರಿ ಹಾಕಬಹುದಿತ್ತು. ಹಾಕಿದರು. ನಿದ್ದೆ ಬಾರದವರು, ಮಕ್ಕಳು ನೋಡಿದರು. 1989ರಲ್ಲಿ ಚಿತ್ರಮಂದಿರಗಳಿಗೆ ಮತ್ತೆ ಬಂತು. ಆಗ ವಿಮರ್ಶಕರು ಕೈ ಹಿಡಿದು ಹೊಗಳಿದರು. ಹಾರ್ವೆ ತೀರಿಕೊಂಡದ್ದು 1996ರಲ್ಲಿ. ತನ್ನ ಚಿತ್ರಕ್ಕೆ ಜನ ಬಂದದ್ದನ್ನು ಅವನು ಕಣ್ಣಾರೆ ನೋಡಿದ.

ಎಲ್ಲರ ಸೊತ್ತಾದ್ದರಿಂದ ಇಂಟರ್ನೆಟ್ಟಿನಲ್ಲಿ ಇದರ ಕಾಪಿಗಳು ಬೇಕಾದಷ್ಟಿವೆ. ಕೆಲವು ತೀರಾ ಸವೆದವು. ಮುಖಗಳು ಸುಣ್ಣದ ಗೋಡೆಯ ಹಾಗೆ ಕಾಣುತ್ತವೆ. ಬಣ್ಣ ತುಂಬಿದ ಕಾಪಿಯೂ ಇದೆ, ಅದು ಬೇಡ. ಸ್ವಚ್ಛ ಮಾಡಿದ ಕಪ್ಪು ಬಿಳುಪಿನ ಪ್ರಿಂಟ್ ಹುಡುಕಿ. ಥಿಯೇಟರಿನಲ್ಲಿ ಬಂದ ಕಾಪಿ 78 ನಿಮಿಷ, ಒಂದು ಇಂಗ್ಲಿಷ್ ಚಿತ್ರಕ್ಕೆ ಅದು ಹೆಚ್ಚಲ್ಲ. ರಾತ್ರಿ ಊಟ ಮುಗಿಸಿ, ಫೋನಿನ ಸ್ಪೀಕರ್ ಬಿಟ್ಟು ಹೆಡ್‌ಫೋನ್ ಹಾಕಿಕೊಂಡು ಕೂರಿ. ಮೊದಲ ಅರ್ಧ ಗಂಟೆ ನಗು ಬಂದರೆ ನಕ್ಕುಬಿಡಿ. ನಮ್ಮ ಹುಡುಗನೂ ನಕ್ಕಿದ್ದ.

ಬಟ್ಟೆ ಅಂಗಡಿಯಲ್ಲಿ ಸದ್ದು ನಿಂತಾಗ ಮಾತ್ರ ವೈರ್ ಮುಟ್ಟಬೇಡಿ. ಅವಳು ಬೀದಿಗೆ ಬರುತ್ತಾಳೆ, ಪಾರ್ಕಿಗೆ ಹೋಗುತ್ತಾಳೆ, ಒಂದು ಮರದ ಹತ್ತಿರ ನಿಲ್ಲುತ್ತಾಳೆ. ಅಲ್ಲಿ ಒಂದು ಹಕ್ಕಿ ಕೂಗುತ್ತದೆ. ಅಲ್ಲಿಯ ತನಕ ಕಾಯಿರಿ.